ಅಟ್ಟದ ಮೇಲಿನ ಕಂಪ್ಯೂಟರ್

(ಶತಮಾನೋತ್ಸವದ ಅಂಗವಾಗಿ ನಡೆದ ಹಿರಿಯ ವಿದ್ಯಾರ್ಥಿಗಳ ಸಮಾವೇಶದಲ್ಲಿ, ಶಾಲಾ ವಸ್ತುಪ್ರದರ್ಶನವನ್ನು ಉದ್ಘಾಟಿಸಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತ ರೂಪ)



ಹೊರಗಿನ ಜಗಲಿಯಲ್ಲಿ ಒಂದು ಉದ್ದನೆಯ ಮೇಜನ್ನು ಇರಿಸಿದ್ದೇವೆ. ಅದರ ಮೇಲೆ ಸ್ಲೇಟು ಬಳಪಗಳಿವೆ, ಶಾಲೆಯ ಮೊದಲ ಕಂಚಿನ ಗಂಟೆಯಿದೆ, ಮದರಾಸು ಪ್ರಾಂತ್ಯದ ಕಾಲದ ಭೂಪಟವಿದೆ. ಇವುಗಳ ನಡುವೆ ಮುಚ್ಚಳ ತೆಗೆದಿರಿಸಿದ ಹಳೆಯ ಕಂಪ್ಯೂಟರೊಂದಿದೆ. ಗಂಟೆಯನ್ನು ಮುಟ್ಟಿ ಕಣ್ಣೊರಸಿಕೊಂಡವರನ್ನು ಬೆಳಗ್ಗೆ ಕಂಡೆ. ಕಂಪ್ಯೂಟರಿನ ಮುಂದೆ ಯಾರೂ ಹೆಚ್ಚು ಹೊತ್ತು ನಿಲ್ಲಲಿಲ್ಲ. ನಿಲ್ಲದಿರುವುದು ಸಹಜ. ನೂರು ವರ್ಷದ ಗಂಟೆ ಇಂದಿಗೂ ಬಾರಿಸಿದರೆ ಮೊಳಗುತ್ತದೆ, ಇಪ್ಪತ್ತೈದು ವರ್ಷದ ಕಂಪ್ಯೂಟರ್ ಮೌನವಾಗಿರುತ್ತದೆ. ಆದರೆ ಈ ಮೂಕ ಯಂತ್ರದ ಪರವಾಗಿ ಎರಡು ಮಾತು ಹೇಳುವ ಋಣ ನನಗಿದೆ. ಅದನ್ನು ಒಮ್ಮೆ ಗುಜರಿಗೆ ಹಾಕಲು ಸಹಿ ಮಾಡಿದವಳು ನಾನೇ.

ನಾನು ಕನ್ನಡ ಎಂ.ಎ. ಓದಿದವಳು. ಯಂತ್ರಗಳ ವಿಷಯದಲ್ಲಿ ನಾನು ಹೇಳುವುದೆಲ್ಲ ಕೈಸುಟ್ಟುಕೊಂಡು ಕಲಿತದ್ದು. ಶಾಲೆಯ ಅಮೃತ ಮಹೋತ್ಸವದ ವರ್ಷ ನಾನಿನ್ನೂ ಹೊಸ ಅಧ್ಯಾಪಿಕೆ. ಮಂಗಳೂರಿನಲ್ಲಿ ಉದ್ಯೋಗದಲ್ಲಿದ್ದ ಹಿರಿಯ ವಿದ್ಯಾರ್ಥಿಯೊಬ್ಬರು ತಮ್ಮ ಕಚೇರಿಗೆ ಹೊಸ ಯಂತ್ರಗಳು ಬಂದಾಗ ಹಳೆಯದೊಂದನ್ನು ಶಾಲೆಗೆ ಕೊಡಿಸಿದರು. 486 ಪ್ರೊಸೆಸರಿನ ಯಂತ್ರ. ಪ್ರವೇಶ ದಾಖಲಾತಿ ಪುಸ್ತಕಗಳಲ್ಲಿದ್ದ ಆರಂಭದ ದಶಕಗಳ ವಿದ್ಯಾರ್ಥಿಗಳ ಹೆಸರನ್ನು ಅದರಲ್ಲಿ ತುಂಬಿಸುವ ಕೆಲಸ ನನ್ನ ಪಾಲಿಗೆ ಬಂತು. ಒಂದು ಬೇಸಿಗೆ ರಜೆ ಪೂರ್ತಿ ಕುಳಿತು ಎರಡು ಸಾವಿರಕ್ಕೂ ಮಿಕ್ಕಿದ ಹೆಸರುಗಳನ್ನು ಟೈಪು ಮಾಡಿದೆ. ಸ್ಮರಣ ಸಂಚಿಕೆಯಲ್ಲಿ ಪುಟಗಳ ಅಭಾವದಿಂದ ಆ ಪಟ್ಟಿ ಅಚ್ಚಾಗಲಿಲ್ಲ. ಮುಂದೆ ಒಂದು ಮಳೆಗಾಲದಲ್ಲಿ ಹಳೆಯ ಕಟ್ಟಡದ ಹಂಚಿನ ಮಾಡು ಕುಸಿದು, ಕಪಾಟಿನಲ್ಲಿದ್ದ ದಾಖಲಾತಿ ಪುಸ್ತಕಗಳು ನೀರಿನಲ್ಲಿ ನೆನೆದವು. ಒಣಗಿಸುವ ಮೊದಲೇ ಗೆದ್ದಲಿನ ಪಾಲಾದವು. ಈ ಶತಮಾನೋತ್ಸವ ಸಮಿತಿಯು "ಮೊದಲ ತಲೆಮಾರಿನವರ ಪಟ್ಟಿ ಬೇಕು, ಟೀಚರೇ" ಎಂದು ಕೇಳಿದಾಗ ನಮ್ಮ ಬಳಿ ಉಳಿದಿದ್ದದ್ದು ಆ ಯಂತ್ರವೊಂದೇ. ಅದೂ ಇದೆಯೋ ಇಲ್ಲವೋ ಎಂಬುದು ನನಗೆ ತಿಳಿದಿರಲಿಲ್ಲ.

ಆ ಪಟ್ಟಿ ಏನಾಯಿತು ಎಂಬುದನ್ನು ಹೇಳುವ ಮೊದಲು ಯಂತ್ರದ ಒಳಭಾಗವನ್ನು ತಮಗೆ ಪರಿಚಯಿಸಬೇಕು. ಯಾಕೆಂದರೆ ಹೆಸರುಗಳು ಸಿಗುವುದೂ ಸಿಗದಿರುವುದೂ ಅಲ್ಲಿನ ಜೋಡಣೆಗಳನ್ನೇ ಅವಲಂಬಿಸಿತ್ತು.

ಕಂಪ್ಯೂಟರಿನ ಮಿದುಳಿಗೂ ಅದಕ್ಕೆ ಜೋಡಿಸುವ ಮುದ್ರಕ, ಮೌಸ್, ಡಿಸ್ಕು, ಕಾರ್ಡುಗಳಿಗೂ ನಡುವೆ ಇರುವ ಸಾರ್ವಜನಿಕ ದಾರಿಗೆ 'ಬಸ್' ಎಂದು ಹೆಸರು. ಕುಂಬಳೆಯಿಂದ ಬರುವ ಬಸ್ಸಿಗೂ ಇದಕ್ಕೂ ಮೂಲ ಶಬ್ದ ಒಂದೇ. ಲ್ಯಾಟಿನ್ ಭಾಷೆಯ 'ಓಮ್ನಿಬಸ್', ಎಂದರೆ 'ಎಲ್ಲರಿಗಾಗಿ'. ಎಲ್ಲರಿಗಾಗಿ ಇರುವ ದಾರಿಯಲ್ಲಿ ಒಬ್ಬರಿಗೊಬ್ಬರು ಡಿಕ್ಕಿಯಾಗದಿರಲು ನಿಯಮಗಳು ಬೇಕಷ್ಟೆ. ಆ ನಿಯಮಗಳು ಸಾಧನದಿಂದ ಏನನ್ನು ಬಯಸುತ್ತವೆ, ಮನುಷ್ಯನಿಂದ ಏನನ್ನು ಬಯಸುತ್ತವೆ ಎಂಬಲ್ಲಿಯೇ ಹಳೆಯ ಬಸ್ಸುಗಳ ನಡುವಿನ ಭೇದವೆಲ್ಲ ಅಡಗಿದೆ.

ಮೇಜಿನ ಮೇಲಿನ ಯಂತ್ರದಲ್ಲಿ ಉದ್ದನೆಯ ಕಪ್ಪು ಸ್ಲಾಟುಗಳನ್ನು ತಾವು ಕಾಣುವಿರಿ. ಅವು 'ಐಎಸ್‌ಎ' ಸ್ಲಾಟುಗಳು. 1981ರಲ್ಲಿ ಐಬಿಎಂ ಕಂಪೆನಿಯ ಪಿಸಿಯೊಂದಿಗೆ ಬಂದ ಈ ಬಸ್ಸು ಮೊದಲಿಗೆ ಒಂದು ಸಲಕ್ಕೆ 8 ಬಿಟ್ ಸಾಗಿಸುತ್ತಿತ್ತು. 1984ರ 'ಎಟಿ' ಮಾದರಿಯಲ್ಲಿ ಸ್ಲಾಟಿನ ತುದಿಗೆ ಇನ್ನೊಂದು ತುಂಡು ಸೇರಿ 16 ಬಿಟ್ ಆಯಿತು. ವೇಗ ಸುಮಾರು 8 ಮೆಗಾಹರ್ಟ್ಸ್. ಹೊಸ ತುಂಡನ್ನು ಹಿಂದುಗಡೆ ಸೇರಿಸಿದ್ದರಿಂದ ಹಳೆಯ ಚಿಕ್ಕ ಕಾರ್ಡು ಹೊಸ ಸ್ಲಾಟಿನಲ್ಲಿಯೂ ಕುಳಿತುಕೊಳ್ಳುತ್ತಿತ್ತು. ಹಳಬರನ್ನು ಹೊರಹಾಕದೆ ಹೊಸಬರಿಗೆ ಜಾಗ ಮಾಡಿದ ಈ ಕ್ರಮ ನನಗೆ ಬಹಳ ಇಷ್ಟ.

ಆದರೆ ಈ ಬಸ್ಸಿಗೆ ಒಂದು ದೊಡ್ಡ ಕೊರತೆಯಿತ್ತು. ತನ್ನ ಮೇಲೆ ಯಾರು ಕುಳಿತಿದ್ದಾರೆ ಎಂಬುದು ಅದಕ್ಕೆ ತಿಳಿಯುತ್ತಿರಲಿಲ್ಲ. ಹಾಜರಿ ಪುಸ್ತಕವಿಲ್ಲದ ತರಗತಿಯನ್ನು ಊಹಿಸಿಕೊಳ್ಳಿ. ಪ್ರತಿಯೊಂದು ಕಾರ್ಡಿಗೂ ಒಂದು ವಿಳಾಸ ಬೇಕು, ಪ್ರೊಸೆಸರಿನ ಗಮನ ಸೆಳೆಯಲು ಕೈಯೆತ್ತುವ ಒಂದು ಸಾಲು ಬೇಕು. ಈ ಸಾಲಿಗೆ 'ಇಂಟರಪ್ಟ್' ಎನ್ನುತ್ತಾರೆ. ಅಂತಹ ಸಾಲುಗಳು ಒಟ್ಟು ಹದಿನೈದು. ಗಡಿಯಾರ, ಕೀಲಿಮಣೆ, ಡಿಸ್ಕುಗಳು ತಮ್ಮ ಪಾಲನ್ನು ಮೊದಲೇ ತೆಗೆದುಕೊಂಡಿರುತ್ತಿದ್ದವು. ಮಿಕ್ಕದ್ದನ್ನು ಹಂಚಬೇಕಾದವನು ಮನುಷ್ಯ. ಹೇಗೆಂದರೆ, ಕಾರ್ಡಿನ ಮೇಲಿರುವ ಸೂಜಿಯಂತಹ ಎರಡೆರಡು ಕಡ್ಡಿಗಳಿಗೆ ಉದ್ದಿನಕಾಳಿನಷ್ಟು ಚಿಕ್ಕ ಟೊಪ್ಪಿಯನ್ನು ತೊಡಿಸಿ ಅಥವಾ ಕಳಚಿ. ಆ ಟೊಪ್ಪಿಗೆ 'ಜಂಪರ್' ಎಂದು ಹೆಸರು. ಮೊದಲ ಸೀರಿಯಲ್ ಪೋರ್ಟಿಗೆ 4ನೆಯ ಸಾಲು, ಎರಡನೆಯದಕ್ಕೆ 3, ಮುದ್ರಕಕ್ಕೆ 7 ಎಂಬ ರೂಢಿಯಿತ್ತು. ಧ್ವನಿಯ ಕಾರ್ಡಿಗೆ '220, 5, 1' ಎಂಬ ಅಂಕೆಗಳು ಆ ಕಾಲದ ಹುಡುಗರಿಗೆ ಮಗ್ಗಿಯಂತೆ ಬಾಯಿಪಾಠವಿದ್ದವು.

ಇಬ್ಬರಿಗೆ ಒಂದೇ ಸಾಲು ಕೊಟ್ಟರೆ ಏನಾಗುತ್ತದೆ ಎಂಬುದನ್ನು ನಾವು ಅನುಭವಿಸಿದ್ದೇವೆ. ನಮ್ಮ ಯಂತ್ರದಲ್ಲಿ ಮೌಸ್ ಮೊದಲ ಸೀರಿಯಲ್ ಪೋರ್ಟಿನಲ್ಲಿತ್ತು. ಒಳಗಿದ್ದ ಮೋಡೆಮ್ ಕಾರ್ಡು ಮೂರನೆಯದೆಂದು ನಿಗದಿಯಾಗಿತ್ತು. ರೂಢಿಯಂತೆ ಒಂದಕ್ಕೂ ಮೂರಕ್ಕೂ 4ನೆಯ ಸಾಲೇ. ಮೋಡೆಮ್ ದೂರವಾಣಿಗೆ ಕರೆ ಹಚ್ಚಿದೊಡನೆ ಮೌಸ್ ಕಲ್ಲಾಗಿ ನಿಲ್ಲುತ್ತಿತ್ತು. ಒಂದು ವಾರ ತಲೆಕೆಡಿಸಿಕೊಂಡ ನಮ್ಮ ಗಣಿತದ ಮಾಷ್ಟ್ರು ಭೂತಗನ್ನಡಿ ಹಿಡಿದು ಜಂಪರು ಬದಲಿಸಿ ಜಗಳ ಬಿಡಿಸಿದರು. ಆ ವರ್ಷದ ತುಲಾ ತಿಂಗಳಲ್ಲಿ ದೂರವಾಣಿಯ ತಂತಿಯ ಮೂಲಕ ಇಳಿದ ಸಿಡಿಲು ಮೋಡೆಮನ್ನೇ ಸುಟ್ಟುಹಾಕಿ ಆ ಜಗಳವನ್ನು ಶಾಶ್ವತವಾಗಿ ಮುಗಿಸಿತು.

ಇಂತಹ ಒರಟು ಬಸ್ಸಿನ ಮೇಲೆಯೇ ಕನ್ನಡ ನಮ್ಮ ಶಾಲೆಗೆ ಬಂತು. ಅಂದಿನ ಡಾಸ್ ವ್ಯವಸ್ಥೆಗೆ ಗೊತ್ತಿದ್ದದ್ದು ರೋಮನ್ ಲಿಪಿ ಮಾತ್ರ. ಕಾನ್ಪುರದ ಐಐಟಿಯಲ್ಲಿ ಆರಂಭವಾಗಿ, ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ 'ಜಿಸ್ಟ್' ಎಂಬ ತಂತ್ರಜ್ಞಾನವು ಒಂದು ಕಾರ್ಡಿನ ರೂಪದಲ್ಲಿ ಸಿಗುತ್ತಿತ್ತು. ಅದನ್ನು ಐಎಸ್‌ಎ ಸ್ಲಾಟಿನಲ್ಲಿ ಕೂರಿಸಿದರೆ ಪರದೆಯ ಮೇಲೆ ಕನ್ನಡ ಮೂಡುತ್ತಿತ್ತು. ಡಿಬೇಸ್, ವರ್ಡ್‌ಸ್ಟಾರ್ ಮುಂತಾದ ಇಂಗ್ಲಿಷ್ ತಂತ್ರಾಂಶಗಳು ತಮಗರಿವಿಲ್ಲದೆಯೇ ಕನ್ನಡದಲ್ಲಿ ಕೆಲಸ ಮಾಡುತ್ತಿದ್ದವು. ನಾನು ಹೆಸರುಗಳನ್ನು ತುಂಬಿಸಿದ್ದು ಹೀಗೆ, ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ.

ಆ ಕಾರ್ಡಿನ ಒಂದು ಗುಣ ನಮ್ಮಂತಹ ಗಡಿನಾಡಿನ ಶಾಲೆಗೆ ವರವಾಗಿತ್ತು. ಅದು ಅಕ್ಷರಗಳನ್ನು ಉಳಿಸಿಕೊಳ್ಳುತ್ತಿದ್ದದ್ದು 'ಇಸ್ಕಿ' ಎಂಬ ಸಂಕೇತದಲ್ಲಿ; 1991ರಲ್ಲಿ ಭಾರತೀಯ ಮಾನಕವೆಂದು ಪ್ರಕಟವಾದ ಸಂಕೇತವಿದು. ಅದರಲ್ಲಿ 'ಕ' ಎಂಬ ಅಕ್ಷರಕ್ಕೆ ಎಲ್ಲ ಭಾರತೀಯ ಲಿಪಿಗಳಲ್ಲಿಯೂ ಒಂದೇ ಸಂಖ್ಯೆ. ಹಾಗಾಗಿ ಕನ್ನಡದಲ್ಲಿ ತುಂಬಿಸಿದ ಹೆಸರನ್ನು, ಲಿಪಿಯ ಆಯ್ಕೆಯನ್ನು ಬದಲಿಸಿದೊಡನೆ, ಮಲಯಾಳ ಲಿಪಿಯಲ್ಲಿ ನೋಡಬಹುದಾಗಿತ್ತು. ಇಂಗ್ಲಿಷಿನಲ್ಲಿ ಬರೆದಾಗ 'ಲ' 'ಳ'ಗಳೆರಡೂ ಒಂದೇ ಆಗುತ್ತವೆ, 'ನ' 'ಣ'ಗಳು ಬೆರೆತುಹೋಗುತ್ತವೆ. ಮನೆತನದ ಹೆಸರು ಮೂರು ಕಚೇರಿಗಳನ್ನು ದಾಟುವಷ್ಟರಲ್ಲಿ ಗುರುತು ಸಿಗದಷ್ಟು ಬದಲಾಗುತ್ತದೆ. ಈ ಸಭೆಯಲ್ಲಿರುವ ಹಲವರ ಪ್ರಮಾಣಪತ್ರಗಳೇ ಅದಕ್ಕೆ ಸಾಕ್ಷಿ. ಆ ಪಟ್ಟಿಯಲ್ಲಿ ಮಾತ್ರ ಅಜ್ಜಂದಿರ ಹೆಸರು, ಅವರ ಮನೆಯವರು ಉಚ್ಚರಿಸುತ್ತಿದ್ದ ಹಾಗೆಯೇ ಇತ್ತು.

ಯಂತ್ರದ ಹಿಂಬದಿಗೆ ಬನ್ನಿ. ಒಂಬತ್ತು ಕಡ್ಡಿಗಳಿರುವುದು ಸೀರಿಯಲ್ ಪೋರ್ಟು, ಇಪ್ಪತ್ತೈದು ರಂಧ್ರಗಳಿರುವುದು ಪ್ಯಾರಲಲ್ ಪೋರ್ಟು. ಮೊದಲನೆಯದು ಬಿಟ್‌ಗಳನ್ನು ಒಂದರ ಹಿಂದೆ ಒಂದರಂತೆ ಸಾಲಾಗಿ ಕಳುಹಿಸುತ್ತದೆ, ಎರಡನೆಯದು ಎಂಟನ್ನು ಏಕಕಾಲಕ್ಕೆ.

ಸೀರಿಯಲ್ ಪೋರ್ಟಿನ ಆರ್‌ಎಸ್-232 ಎಂಬ ನಿಯಮ 1960ರಷ್ಟು ಹಳೆಯದು. ಪಿಸಿಗಿಂತ ಎರಡು ದಶಕ ಹಿರಿಯದು. ಅದರಲ್ಲಿ ಮಾತನಾಡುವ ಇಬ್ಬರೂ ವೇಗ ಎಷ್ಟು, ಒಂದು ಅಕ್ಷರಕ್ಕೆ ಎಷ್ಟು ಬಿಟ್, ತಪ್ಪು ಹಿಡಿಯುವ ಬಿಟ್ ಇದೆಯೋ ಇಲ್ಲವೋ ಎಂದು ಮೊದಲೇ ಒಪ್ಪಿಕೊಂಡಿರಬೇಕು. ಒಂದು ಕಡೆ 9600 ಎಂದೂ ಇನ್ನೊಂದು ಕಡೆ 2400 ಎಂದೂ ಇದ್ದರೆ ಬರುವುದು ಬರಿಯ ಕಸ. ಯಾರು ತಪ್ಪಿದ್ದಾರೆ ಎಂದು ಹೇಳುವವರಿಲ್ಲ.

ಪ್ಯಾರಲಲ್ ಪೋರ್ಟು ಇದಕ್ಕಿಂತ ಸರಳ, ಬಹಳ ಸಜ್ಜನಿಕೆಯದು. 1970ರ ಸುಮಾರಿಗೆ ಸೆಂಟ್ರಾನಿಕ್ಸ್ ಕಂಪೆನಿಯ ಮುದ್ರಕಗಳಿಗಾಗಿ ಹುಟ್ಟಿದ್ದು. ಕಂಪ್ಯೂಟರ್ ಎಂಟು ತಂತಿಗಳ ಮೇಲೆ ಒಂದು ಅಕ್ಷರವನ್ನಿಟ್ಟು 'ತೆಗೆದುಕೋ' ಎಂದು ಒಂದು ತಂತಿಯನ್ನು ಮಿಡಿಯುತ್ತದೆ. ಮುದ್ರಕವು 'ತಡೆ, ಕೆಲಸದಲ್ಲಿದ್ದೇನೆ' ಎಂದು ಇನ್ನೊಂದು ತಂತಿಯಲ್ಲಿ ಹೇಳುತ್ತದೆ. ಮುಗಿದಾಗ 'ಸಿಕ್ಕಿತು' ಎನ್ನುತ್ತದೆ. ಕಾಗದ ಮುಗಿದರೆ ಅದನ್ನು ತಿಳಿಸಲೂ ಒಂದು ತಂತಿಯಿದೆ. ನಮ್ಮ ಡಾಟ್ ಮ್ಯಾಟ್ರಿಕ್ಸ್ ಮುದ್ರಕಕ್ಕೆ ಕನ್ನಡದ ಅಕ್ಷರರೂಪಗಳು ತಿಳಿದಿರಲಿಲ್ಲವಾದ್ದರಿಂದ ಪ್ರತಿಯೊಂದು ಅಕ್ಷರವನ್ನೂ ಚಿತ್ರವೆಂಬಂತೆ ಚುಕ್ಕಿ ಚುಕ್ಕಿಯಾಗಿ ಕಳುಹಿಸಬೇಕಾಗಿತ್ತು. ಪರೀಕ್ಷೆಯ ಹಿಂದಿನ ಸಂಜೆ ಪ್ರಶ್ನೆಪತ್ರಿಕೆಯ ಒಂದೊಂದು ಸಾಲೂ ಕಿರ್ರೆನ್ನುತ್ತ ಹೊರಬರುವುದನ್ನು ಕಾಯುತ್ತ, ಕರೆಂಟು ಹೋಗದಿರಲೆಂದು ಎಲ್ಲ ದೈವಗಳನ್ನೂ ನೆನೆಯುತ್ತ ಕುಳಿತಿದ್ದು ನೆನಪಿದೆ.

ಈ ಪೋರ್ಟಿನ ಬಗ್ಗೆ ಅಧ್ಯಾಪಿಕೆಯಾಗಿ ನನಗೆ ಇನ್ನೊಂದು ಮೋಹವಿದೆ. ಅದರ ಎಂಟು ತಂತಿಗಳಿಗೆ ಎಂಟು ಸಣ್ಣ ಎಲ್‌ಇಡಿ ದೀಪಗಳನ್ನು, ಒಂದೊಂದಕ್ಕೂ ಒಂದು ರೆಸಿಸ್ಟರಿನೊಂದಿಗೆ, ಬೆಸೆದುಬಿಟ್ಟರೆ ಸಾಕು. ಕಂಪ್ಯೂಟರಿನಲ್ಲಿ 5 ಎಂದು ಬರೆದರೆ ಮೊದಲನೆಯ ಮತ್ತು ಮೂರನೆಯ ದೀಪಗಳು ಬೆಳಗುತ್ತವೆ, 255 ಎಂದರೆ ಎಂಟೂ ಬೆಳಗುತ್ತವೆ. ದ್ವಿಮಾನ ಸಂಖ್ಯೆಗಳನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಪಾಠೋಪಕರಣವನ್ನು ನಾನು ಕಂಡಿಲ್ಲ. ಉಪಜಿಲ್ಲಾ ವಿಜ್ಞಾನ ಮೇಳಕ್ಕೆ ನಮ್ಮ ಏಳನೆಯ ತರಗತಿಯ ಮಕ್ಕಳು ಇದನ್ನು ಒಯ್ದಿದ್ದರು. ಈಗಿನ ಯುಎಸ್‌ಬಿಯಲ್ಲಿ ಇದು ಸಾಧ್ಯವಿಲ್ಲ. ಒಂದೇ ಒಂದು ದೀಪ ಬೆಳಗಿಸಬೇಕಾದರೂ ನಡುವೆ ಆ ಭಾಷೆ ಬಲ್ಲ ಚಿಪ್ಪೊಂದು ಬೇಕು. ಅನುಕೂಲ ಹೆಚ್ಚಿದಂತೆ ಒಳಗಣ್ಣಿಗೆ ಕಾಣುವುದು ಕಡಿಮೆಯಾಯಿತು ಎಂದು ನನಗನ್ನಿಸುತ್ತದೆ. ನಮ್ಮ ಐಟಿ ಅಧ್ಯಾಪಕರು ಇದನ್ನು ಒಪ್ಪುವುದಿಲ್ಲ.

ಇನ್ನೊಂದು ಮಾತು. ಭಾರತೀಯ ಭಾಷೆಗಳ ಅಕ್ಷರಜೋಡಣೆಯ ಕೆಲವು ತಂತ್ರಾಂಶಗಳು ಈ ಪ್ಯಾರಲಲ್ ಪೋರ್ಟಿಗೆ ಸಿಕ್ಕಿಸುವ ಬೀಗದೊಂದಿಗೆ ಬರುತ್ತಿದ್ದವು. ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಆ ಬೀಗವಿಲ್ಲದಿದ್ದರೆ ತಂತ್ರಾಂಶ ತೆರೆಯದು. ಮುಂದೆ ಹೊಸ ಲ್ಯಾಪ್‌ಟಾಪುಗಳಲ್ಲಿ ಆ ಪೋರ್ಟೇ ಇಲ್ಲವಾದಾಗ, ಹಣ ಕೊಟ್ಟು ಕೊಂಡ ಬೀಗ ಕೈಯಲ್ಲಿದ್ದರೂ ಬಾಗಿಲೇ ಇಲ್ಲದಂತಾಯಿತು.

ಡಿಸ್ಕುಗಳ ಜೋಡಣೆಯ ಹೆಸರು 'ಐಡಿಇ'. ನಲವತ್ತು ತಂತಿಗಳ ಚಪ್ಪಟೆ ಪಟ್ಟಿ, ಉದ್ದ ಒಂದೂವರೆ ಅಡಿ ಮೀರಬಾರದು. ಒಂದು ಪಟ್ಟಿಗೆ ಎರಡು ಡಿಸ್ಕು. ಯಾವುದು ಹಿರಿಯ, ಯಾವುದು ಕಿರಿಯ ಎಂದು ಇಲ್ಲಿಯೂ ಜಂಪರಿನಿಂದಲೇ ನಿಗದಿ ಮಾಡಬೇಕು. ಎರಡೂ ಹಿರಿಯವೆಂದರೆ ಒಂದೂ ಕೆಲಸ ಮಾಡದು! 'ಸ್ಕಸಿ' ಎಂಬ ಇನ್ನೊಂದು ಜೋಡಣೆಯನ್ನು ನಾನು ಮುದ್ರಣಾಲಯದ ಸ್ಕ್ಯಾನರಿನಲ್ಲಿ ನೋಡಿದ್ದೇನೆ. ಕಂಪ್ಯೂಟರಿನ ಕಡೆಯದೂ ಸೇರಿ ಎಂಟು ಸಾಧನಗಳಿಗೆ 0ಯಿಂದ 7ರವರೆಗೆ ಸಂಖ್ಯೆ ಕೊಡಬೇಕು, ಸರಪಳಿಯ ಎರಡೂ ತುದಿಗಳಿಗೆ 'ಟರ್ಮಿನೇಟರ್' ಎಂಬ ಮುಚ್ಚಿಗೆ ತೊಡಿಸಬೇಕು. ತೊಡಿಸದಿದ್ದರೆ ಸಂಕೇತವು ತುದಿಯಲ್ಲಿ ಪ್ರತಿಫಲಿಸಿ, ಬಾವಿಯೊಳಗೆ ಕೂಗಿದ ಹಾಗೆ, ತನ್ನ ಮಾತಿನ ಮೇಲೆ ತಾನೇ ಬೀಳುತ್ತದೆ. ನಮ್ಮ ಶಾಲೆಗೆ ಅದು ಬರಲಿಲ್ಲ. ಬಾರದಿದ್ದದ್ದೇ ಒಳ್ಳೆಯದಾಯಿತು.

ಮನುಷ್ಯನ ಹೆಗಲ ಮೇಲಿದ್ದ ಹೊರೆಯನ್ನು ಇಳಿಸಿದ್ದು ಇಂಟೆಲ್ ಕಂಪೆನಿ 1992ರಲ್ಲಿ ಹೊರತಂದ 'ಪಿಸಿಐ' ಬಸ್ಸು. 32 ಬಿಟ್, 33 ಮೆಗಾಹರ್ಟ್ಸ್, ಸೆಕೆಂಡಿಗೆ 133 ಮೆಗಾಬೈಟ್. ಐಎಸ್‌ಎಗಿಂತ ಹದಿನೈದು ಪಟ್ಟಿಗೂ ಹೆಚ್ಚಿನ ವೇಗ. ನನ್ನ ದೃಷ್ಟಿಯಲ್ಲಿ ವೇಗಕ್ಕಿಂತ ಮುಖ್ಯವಾದದ್ದು ಬೇರೆಯಿದೆ. ಪ್ರತಿಯೊಂದು ಪಿಸಿಐ ಕಾರ್ಡೂ ತನ್ನೊಳಗೆ 256 ಬೈಟುಗಳ ಒಂದು ಪರಿಚಯಪತ್ರವನ್ನು ಇರಿಸಿಕೊಂಡಿರಲೇಬೇಕು. ಅದರ ಮೊದಲ ನಾಲ್ಕು ಬೈಟುಗಳಲ್ಲಿ, ತಯಾರಿಸಿದವರು ಯಾರು, ಸಾಧನ ಯಾವುದು ಎಂಬ ಎರಡು ಸಂಖ್ಯೆಗಳು. ಇಂಟೆಲಿನ ಸಂಖ್ಯೆ 8086. ಅವರ ಹಳೆಯ ಪ್ರಸಿದ್ಧ ಪ್ರೊಸೆಸರಿನ ಹೆಸರನ್ನೇ ಮನೆತನದ ಹೆಸರಾಗಿ ಇಟ್ಟುಕೊಂಡಿದ್ದಾರೆ. ಯಂತ್ರ ಎಚ್ಚರವಾಗುವಾಗ ಒಂದೊಂದು ಸ್ಲಾಟನ್ನೂ ಹಾಜರಿ ಕರೆದು, ಪರಿಚಯಪತ್ರ ಓದಿ, ಯಾರಿಗೆ ಎಷ್ಟು ಜಾಗ ಬೇಕು ಎಂದು ಕೇಳಿ, ವಿಳಾಸವನ್ನೂ ಕೈಯೆತ್ತುವ ಸಾಲನ್ನೂ ತಾನೇ ಹಂಚುತ್ತದೆ. ಒಂದೇ ಸಾಲನ್ನು ಹಲವರು ಹಂಚಿಕೊಳ್ಳಲೂಬಹುದು. ಐಎಸ್‌ಎಯಲ್ಲಿಯೂ ಇಂತಹ ವ್ಯವಸ್ಥೆಯನ್ನು 1993ರಲ್ಲಿ ತಂದರು, 'ಪ್ಲಗ್ ಅಂಡ್ ಪ್ಲೇ' ಎಂದು. ಹಳೆಯ ಜಂಪರು ಕಾರ್ಡುಗಳೊಂದಿಗೆ ಬೆರೆತಾಗ ಅದು ಪ್ಲೇ ಆದುದಕ್ಕಿಂತ ಕೈಕೊಟ್ಟದ್ದೇ ಹೆಚ್ಚು. ಚಿತ್ರದ ಕಾರ್ಡುಗಳಿಗೆಂದೇ 1997ರಲ್ಲಿ ಬಂದ 'ಎಜಿಪಿ'ಯ ವಿಷಯವನ್ನು ನಾನಿಲ್ಲಿ ಬೆಳೆಸುವುದಿಲ್ಲ.

ಪಿಸಿಐ ಬಂದ ಮೇಲೂ ಕೆಲವು ವರ್ಷ ಒಂದೇ ಯಂತ್ರದಲ್ಲಿ ಬಿಳಿಯ ಪಿಸಿಐ ಸ್ಲಾಟುಗಳೂ ಕಪ್ಪು ಐಎಸ್‌ಎ ಸ್ಲಾಟುಗಳೂ ಅಕ್ಕಪಕ್ಕದಲ್ಲಿದ್ದವು. ಕ್ರಮೇಣ ಕಪ್ಪು ಸ್ಲಾಟುಗಳು ಮೂರಾಗಿ, ಒಂದಾಗಿ, ಇಲ್ಲವಾದವು. ಕೇರಳ ಸರ್ಕಾರದ 'ಐಟಿ ಅಟ್ ಸ್ಕೂಲ್' ಯೋಜನೆಯಲ್ಲಿ ನಮಗೆ ಬಂದ ಹೊಸ ಯಂತ್ರಗಳಲ್ಲಿ ಅವು ಇರಲಿಲ್ಲ. ಜಿಸ್ಟ್ ಕಾರ್ಡನ್ನು ಕೈಯಲ್ಲಿ ಹಿಡಿದುಕೊಂಡು ಎಲ್ಲಿ ಕೂರಿಸಲಿ ಎಂದು ನಾನು ಹುಡುಕಿದ್ದು ಆಗಲೇ. ಜಾಗ ಸಿಗಲಿಲ್ಲ. ಕನ್ನಡಕ್ಕೆ ಇನ್ನು ಕಾರ್ಡು ಬೇಕಿಲ್ಲ ಎಂದು ತರಬೇತಿಯಲ್ಲಿ ಹೇಳಿದರು, ಅದು ನಿಜವೂ ಆಗಿತ್ತು. ಹಳೆಯ ಯಂತ್ರದ ಮೇಲೆ ಬಟ್ಟೆ ಹೊದಿಸಿದೆವು. ಕೆಲವು ವರ್ಷಗಳ ಬಳಿಕ ನಾನು ಮುಖ್ಯೋಪಾಧ್ಯಾಯಿನಿಯಾದಾಗ ನಿರುಪಯುಕ್ತ ವಸ್ತುಗಳ ಪಟ್ಟಿ ನನ್ನ ಮೇಜಿಗೆ ಬಂತು. ಅದರಲ್ಲಿ 'ಹಳೆಯ ಕಂಪ್ಯೂಟರ್ 1' ಎಂದಿತ್ತು. ಓದದೆ ಸಹಿ ಮಾಡಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ, ಓದಿಯೇ ಮಾಡಿದೆ.

ಯುಎಸ್‌ಬಿಯ ಬಗ್ಗೆ ಹೇಳಿ ಕಥೆಗೆ ಮರಳುತ್ತೇನೆ. 1996ರ ಜನವರಿಯಲ್ಲಿ ಇದರ ಮೊದಲ ಆವೃತ್ತಿ ಬಂತು, 1998ರಲ್ಲಿ 1.1, 2000ದಲ್ಲಿ 2.0. ಇದನ್ನು ರೂಪಿಸಿದ ತಂಡದಲ್ಲಿ ಪ್ರಮುಖರಾಗಿದ್ದವರು ವಡೋದರದಲ್ಲಿ ಓದಿ ಇಂಟೆಲ್ ಸೇರಿದ ಅಜಯ್ ಭಟ್. ಸೀರಿಯಲ್, ಪ್ಯಾರಲಲ್, ಕೀಲಿಮಣೆ, ಮೌಸ್ ಎಂಬ ಬೇರೆಬೇರೆ ಬಾಗಿಲುಗಳಿಗೆ ಬದಲಾಗಿ ಒಂದೇ ಬಾಗಿಲು, ಗರಿಷ್ಠ 127 ಸಾಧನಗಳು.

ಶಾಲೆಗೆ ಹೊಸ ಮಗು ಬರುವ ದಿನವನ್ನು ನೆನೆಸಿಕೊಂಡರೆ ಯುಎಸ್‌ಬಿ ಅರ್ಥವಾಗುತ್ತದೆ. ಸಾಧನವನ್ನು ಸಿಕ್ಕಿಸಿದಾಗ ಉದ್ದನೆಯ ಎರಡು ವಿದ್ಯುತ್ ಪಟ್ಟಿಗಳು ಮೊದಲು ತಾಗುತ್ತವೆ. ಮಾಹಿತಿಯ ಗಿಡ್ಡ ಪಟ್ಟಿಗಳು ಆಮೇಲೆ. ಆದ್ದರಿಂದಲೇ ಯಂತ್ರ ಚಾಲನೆಯಲ್ಲಿರುವಾಗಲೂ ಅದನ್ನು ನಿರ್ಭಯವಾಗಿ ಸಿಕ್ಕಿಸಬಹುದು. ಐಎಸ್‌ಎ ಕಾರ್ಡನ್ನು ಹಾಗೆ ಮಾಡಿದ್ದರೆ ಎರಡೂ ಸುಟ್ಟುಹೋಗುವ ಭಯವಿತ್ತು. ಒಳಬಂದ ಸಾಧನವು ಎರಡು ಮಾಹಿತಿ ತಂತಿಗಳಲ್ಲಿ ಒಂದನ್ನು ಸಣ್ಣ ರೆಸಿಸ್ಟರಿನ ಮೂಲಕ ಮೇಲೆತ್ತುತ್ತದೆ; 'ಬಂದಿದ್ದೇನೆ' ಎಂದು ಅರ್ಥ. ಯಾವ ತಂತಿಯನ್ನು ಎತ್ತಿತು ಎಂಬುದರಿಂದಲೇ ಅದು ನಿಧಾನದ್ದೋ ವೇಗದ್ದೋ ಎಂಬುದು ಗೊತ್ತಾಗುತ್ತದೆ. ಆಗ ಅದರ ಕ್ರಮಸಂಖ್ಯೆ ಸೊನ್ನೆ. ಯಂತ್ರವು ಅದರ ಪರಿಚಯ ಕೇಳಿ, 1ರಿಂದ 127ರೊಳಗಿನ ಒಂದು ಸಂಖ್ಯೆ ಕೊಡುತ್ತದೆ. ಅಲ್ಲಿಯವರೆಗೆ ಅದು 100 ಮಿಲಿಆಂಪಿಯರಿಗಿಂತ ಹೆಚ್ಚು ವಿದ್ಯುತ್ತನ್ನು ಎಳೆಯಬಾರದು. ಅನುಮತಿ ಸಿಕ್ಕ ಬಳಿಕ 500ರವರೆಗೆ ಆದೀತು. ಕೇಳದೆ ಮಾತನಾಡುವಂತಿಲ್ಲ, ಯಂತ್ರವು ಸರದಿಯಂತೆ ಪ್ರತಿಯೊಬ್ಬರನ್ನೂ ವಿಚಾರಿಸುತ್ತದೆ. ಐಎಸ್‌ಎಯಲ್ಲಿ ಕೈಯೆತ್ತಿ ಕೂಗುವ ಮಕ್ಕಳು, ಇಲ್ಲಿ ಹೆಸರು ಕರೆದಾಗ ಎದ್ದು ನಿಲ್ಲುವವರು. ಮನುಷ್ಯನಿಂದ ಯುಎಸ್‌ಬಿ ಬಯಸುವುದು ಬಹುತೇಕ ಏನೂ ಇಲ್ಲ. ಆದರೆ ಪ್ರತಿಯೊಂದು ಸಾಧನದೊಳಗೂ ತನ್ನ ಕುಲಗೋತ್ರ ಹೇಳಬಲ್ಲ ಪುಟ್ಟ ಬುದ್ಧಿಯೊಂದು ಇರಲೇಬೇಕಾಯಿತು.

ಈಗ ಕಥೆ. ಸಮಿತಿಯವರು ಪಟ್ಟಿ ಕೇಳಿದ ದಿನ, ನಿವೃತ್ತರಾದ ನಮ್ಮ ಕಚೇರಿ ಸಹಾಯಕರಿಗೆ ಫೋನು ಮಾಡಿದೆ. "ಟೀಚರೇ, ಗುಜರಿಯವನು ಟಿವಿಯಂತಹದ್ದನ್ನು ಮಾತ್ರ ಒಯ್ದ. ಪೆಟ್ಟಿಗೆಯನ್ನು ನಾನೇ ಅಟ್ಟಕ್ಕೆ ಹಾಕಿದೆ. ನೀವು ಒಂದು ರಜೆ ಇಡೀ ಅದರ ಮುಂದೆ ಕೂತದ್ದು ಕಂಡಿದ್ದೆನಲ್ಲ" ಎಂದರು. ಇಳಿಸಿದೆವು. ಒಳಗೆ ಇಲಿಗೂಡು. ಫ್ಲಾಪಿಗಳಲ್ಲಿದ್ದ ಪ್ರತಿಗಳ ಮೇಲೆ ನಮ್ಮ ಮಳೆಗಾಲದ ಬೂಷ್ಟು ಬೆಳೆದಿತ್ತು. ಉಳಿದದ್ದು 420 ಮೆಗಾಬೈಟಿನ ಐಡಿಇ ಡಿಸ್ಕು.

ಬೆಂಗಳೂರಿನಲ್ಲಿ ಎಂಜಿನಿಯರಾಗಿರುವ ಹಿರಿಯ ವಿದ್ಯಾರ್ಥಿ ರಜೆಯಲ್ಲಿ ಬಂದ. ಏಳನೆಯಲ್ಲಿ ದೀಪ ಬೆಳಗಿಸಿದ್ದವರಲ್ಲಿ ಅವನೂ ಒಬ್ಬ. ಐಡಿಇಯನ್ನು ಯುಎಸ್‌ಬಿಗೆ ಜೋಡಿಸುವ ತಂತಿಯನ್ನು ತಂದಿದ್ದ. ಜೋಡಿಸಿದ. ಡಿಸ್ಕು ತಿರುಗುವ ಸದ್ದು ಕೇಳಿತು, ಪರದೆಯಲ್ಲಿ ಏನೂ ಬರಲಿಲ್ಲ. "ಟೀಚರೇ, ಇದು ಹಾಳಾಗಿಲ್ಲ. ಈ ತಂತಿಗೆ ಇದರ ಭಾಷೆ ತಿಳಿಯುತ್ತಿಲ್ಲ" ಎಂದ. ಈಚಿನ ಡಿಸ್ಕುಗಳಲ್ಲಿ ಕೋಣೆಗಳಿಗೆ ಒಂದು, ಎರಡು, ಮೂರು ಎಂದು ನೇರ ಸಂಖ್ಯೆ. ಅಂದಿನ ಹಲವು ಡಿಸ್ಕುಗಳಲ್ಲಿ ಸಿಲಿಂಡರು, ಹೆಡ್ಡು, ಸೆಕ್ಟರು ಎಂದು ಮೂರು ಅಂಕೆಗಳ ವಿಳಾಸ. ಹೊಸ ತಂತಿ ಮೊದಲನೆಯ ರೀತಿಯಲ್ಲಿ ಮಾತ್ರ ಕೇಳುತ್ತಿತ್ತು.

ಆಗ ನಮ್ಮ ನೆರವಿಗೆ ಬಂದದ್ದು ಇನ್ನೊಂದು ಮುದಿ ಯಂತ್ರ, ಐಟಿ ಕೊಠಡಿಯ ಮೂಲೆಯಲ್ಲಿದ್ದ ನಡುಗಾಲದ್ದು. ಅದರಲ್ಲಿ ಐಡಿಇ ಪಟ್ಟಿಯೂ ಇತ್ತು, ಪಿಸಿಐ ಸ್ಲಾಟುಗಳೂ ಇದ್ದವು, ಹಿಂಬದಿಯಲ್ಲಿ ಹಳೆಯ ವೇಗದ ಎರಡು ಯುಎಸ್‌ಬಿ ಪೋರ್ಟುಗಳೂ ಇದ್ದವು. ಡಿಸ್ಕಿನ ಜಂಪರನ್ನು ಹಿರಿಯನ ಸ್ಥಾನಕ್ಕೆ ಸರಿಸಿ, ಅದರ ಬೆನ್ನ ಮೇಲಿನ ಚೀಟಿಯಲ್ಲಿ ಮಾಸಿಹೋಗಿದ್ದ ಮೂರು ಅಂಕೆಗಳನ್ನು ಟಾರ್ಚು ಹಿಡಿದು ಓದಿ, ಕೈಯಾರೆ ತುಂಬಿಸಿದೆವು. ಎರಡನೆಯ ಸಲ 8ನ್ನು 3 ಎಂದು ಓದಿದ ತಪ್ಪು ನನ್ನದು. ಮೂರನೆಯ ಸಲಕ್ಕೆ ತೆರೆಯಿತು.

ಫೈಲು ಸಿಕ್ಕಿತು. ಪೂರ್ತಿ ಮುನ್ನೂರು ಕಿಲೋಬೈಟೂ ಇಲ್ಲ. ತಮ್ಮ ಮೊಬೈಲಿನ ಒಂದು ಫೋಟೋಗಿಂತ ಚಿಕ್ಕದು. ತೆರೆದರೆ ಪರದೆಯ ತುಂಬ ವಿಚಿತ್ರ ಗುರುತುಗಳು. ನನ್ನ ಎದೆ ಒಡೆಯಿತು. ಅವನು ನಕ್ಕ. ಜಿಸ್ಟ್ ಕಾರ್ಡು ಇಲ್ಲದಿದ್ದರೂ ಇಸ್ಕಿ ಸಂಕೇತ ಪ್ರಕಟಿತ ಮಾನಕ. 161ರಿಂದ 250ರವರೆಗಿನ ಯಾವ ಸಂಖ್ಯೆಗೆ ಯಾವ ಅಕ್ಷರ ಎಂಬ ಕೋಷ್ಟಕ ಎಲ್ಲರಿಗೂ ಲಭ್ಯ. ಅಷ್ಟೇ ಅಲ್ಲ, ಇಂದು ನಾವೆಲ್ಲ ಬಳಸುವ ಯುನಿಕೋಡಿನ ಕನ್ನಡ ಭಾಗದ ಅಕ್ಷರಕ್ರಮವೂ ಇಸ್ಕಿಯ ಆಧಾರದ ಮೇಲೆಯೇ ನಿಂತಿದೆ. ಒಂದು ಸಂಜೆಯಲ್ಲಿ ಸಣ್ಣ ಪ್ರೋಗ್ರಾಮೊಂದನ್ನು ಬರೆದು ಪರಿವರ್ತಿಸಿದ. ನಾನು ಟೈಪು ಮಾಡಿದ್ದ ಮೊದಲನೆಯ ಹೆಸರು ಪರದೆಯ ಮೇಲೆ ಕನ್ನಡದಲ್ಲಿ ಮೂಡಿದಾಗ ಕೊಠಡಿಯಲ್ಲಿ ಯಾರೂ ಮಾತನಾಡಲಿಲ್ಲ.

ಒಂದು ತಪ್ಪೊಪ್ಪಿಗೆ ಬಾಕಿಯಿದೆ. ಅಂದು ಹೆಸರಿನ ಅಂಕಣಕ್ಕೆ 24 ಸ್ಥಾನ ಸಾಕೆಂದು ನಿಗದಿ ಮಾಡಿದವಳು ನಾನು. 'ಸುಬ್ರಹ್ಮಣ್ಯ' ಎಂಬುದು ನಮ್ಮ ಕಣ್ಣಿಗೆ ನಾಲ್ಕೇ ಅಕ್ಷರ. ಯಂತ್ರದ ಲೆಕ್ಕದಲ್ಲಿ ಒತ್ತು, ಗುಣಿತ, ವಿರಾಮಗಳೆಲ್ಲ ಸೇರಿ ಹನ್ನೊಂದು. ಮುಂದೆ ಮನೆಯ ಹೆಸರು ಸೇರಿದರೆ ಸ್ಥಾನ ಸಾಲದು. ಹೀಗೆ ನೂರಾರು ಹೆಸರುಗಳು ತುದಿಯಲ್ಲಿ ತುಂಡಾಗಿವೆ. ಕೆಲವು ಅರ್ಧಾಕ್ಷರದಲ್ಲಿಯೇ ನಿಂತಿವೆ. ಅದನ್ನು ಯಾವ ತಂತಿಯೂ ಸರಿಪಡಿಸಲಾರದು. ತುಂಡಾದ ಭಾಗ ತಮ್ಮ ಮನೆಗಳಲ್ಲಿ ಇದೆ.

ಪಟ್ಟಿಯನ್ನು ದೊಡ್ಡ ಅಕ್ಷರಗಳಲ್ಲಿ ಮುದ್ರಿಸಿ, ಪ್ರವೇಶದ ವರ್ಷದ ಕ್ರಮದಲ್ಲಿ, ಕಂಪ್ಯೂಟರಿನ ಪಕ್ಕದಲ್ಲಿಯೇ ಇರಿಸಿದ್ದೇವೆ. ಪೆನ್ಸಿಲುಗಳೂ ಇವೆ. ತಮ್ಮ ಅಜ್ಜ, ಅಜ್ಜಿ, ದೊಡ್ಡಪ್ಪ, ಅತ್ತೆಯಂದಿರ ಹೆಸರು ಅರ್ಧಕ್ಕೆ ನಿಂತಿದ್ದರೆ ದಯವಿಟ್ಟು ಪಕ್ಕದಲ್ಲಿ ಪೂರ್ತಿಯಾಗಿ ಬರೆಯಿರಿ, 'ಳ'ವೋ 'ಲ'ವೋ ಎಂಬುದನ್ನು ಮನೆಯಲ್ಲಿ ಹೇಳುತ್ತಿದ್ದ ಹಾಗೆಯೇ ಬರೆಯಿರಿ. ಊಟದ ಗಂಟೆಗೆ ಇನ್ನೂ ಮುಕ್ಕಾಲು ಗಂಟೆಯಿದೆ. ಜಗಲಿಯಲ್ಲಿ ನೂಕುನುಗ್ಗಲಾಗದಂತೆ, 1956ರ ಹಿಂದಿನ ಹೆಸರು ಹುಡುಕುವವರು ಮೊದಲು ಹೋಗಬೇಕಾಗಿ ವಿನಂತಿ.